ಡೇರಿ ಕಂಪ್ಯೂಟರಲ್ಲಿ ಯಾವ ವೆಬ್‌ಸೈಟೂ ಓಪನ್ ಆಗ್ತಿಲ್ಲ. ಫಾರ್ಮ್ಯಾಟ್ ಮಾಡಿಸಲೇಬೇಕಾ?

ಡೇರಿಲೆಕ್ಕ_ಆಲೂರು · ಸೋಮವಾರ ಬೆಳಗ್ಗೆ 8:10

ಎಲ್ಲರಿಗೂ ನಮಸ್ಕಾರ. ಆಲೂರು ತಾಲ್ಲೂಕಿನ ಒಂದು ಹಳ್ಳಿ ಡೇರಿಯಲ್ಲಿ ಕಾರ್ಯದರ್ಶಿ ಕೆಲಸ ನೋಡ್ಕೊಳ್ತೀನಿ. ಪುಷ್ಯ ಮಳೆ ಹಿಡಿದಾಗ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಆನ್ ಆಗುತ್ತೆ, ಎಕ್ಸೆಲ್ ತೆರೆಯುತ್ತೆ, ಪ್ರಿಂಟ್ ಹೋಗುತ್ತೆ. ಇಂಟರ್ನೆಟ್ ಮಾತ್ರ ಇಲ್ಲ. ಬ್ಯಾಂಕ್ ಸೈಟ್, ಜಿಮೇಲ್, ಯಾವುದು ಒತ್ತಿದ್ರೂ ಕೆಂಪು ಗುರುತು ಬಂದು ನಿಲ್ಲುತ್ತೆ. ಅದೇ ವೈಫೈಯಲ್ಲಿ ನನ್ನ ಮೊಬೈಲ್ ಚೆನ್ನಾಗೇ ಓಡ್ತಿದೆ.

ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದ್ದೆ. ವೈರಸ್ ಬಂದಿರುತ್ತೆ, ಫಾರ್ಮ್ಯಾಟ್ ಹೊಡೀಬೇಕು, 800 ರೂಪಾಯಿ, ಡೇಟಾ ಉಳಿಯೋದು ಗ್ಯಾರಂಟಿ ಇಲ್ಲ ಅಂದ್ರು. ಅದರಲ್ಲಿ ಹತ್ತು ವರ್ಷದ ಸದಸ್ಯರ ಪಟ್ಟಿ, ಬಟವಾಡೆ ಲೆಕ್ಕ, ನಡಾವಳಿ ಎಲ್ಲಾ ಇದೆ. ಮಹಾಸಭೆ ನೋಟಿಸ್ ಬೇರೆ ಕಳಿಸಬೇಕು. ಹಾಲು ಅಳೆಯೋ ಮಷಿನ್ ಬೇರೆ ಇದೆ, ಅದಕ್ಕೇನೂ ಆಗಿಲ್ಲ. ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇದ್ರೆ ಹೇಳಿ.

ಪೆಂಗ್ವಿನ್_ಚಿಕ್ಕಮಗಳೂರು · 8:25

ವಿಂಡೋಸ್ ತೆಗೆದು ಲಿನಕ್ಸ್ ಹಾಕಿ ಸರ್. ವೈರಸ್ ತಾಪತ್ರಯವೇ ಇರಲ್ಲ.

ಏಲಕ್ಕಿಮಲೆ_ಮೂಡಿಗೆರೆ · 8:31

ಬಂದ ನೋಡಿ ಮಾರಾಯ್ರೆ. ಯಾರು ಏನು ಕೇಳಿದ್ರೂ ಇವನದು ಒಂದೇ ಕಷಾಯ.

ಕಾರ್ಯದರ್ಶಿಗಳೇ, ನಮ್ಮಲ್ಲೂ ಸಿಡಿಲಿಗೆ ಹೀಗೇ ಆಗಿತ್ತು, ರೂಟರ್ ಹೋಗಿತ್ತು. ಆದ್ರೆ ನಿಮ್ಮ ಮೊಬೈಲ್ ಅದೇ ವೈಫೈಯಲ್ಲಿ ಓಡ್ತಿದೆ ಅಂದ್ರೆ ರೂಟರ್ ಅಲ್ಲ. ಅಷ್ಟು ಮಾತ್ರ ನಂಗೆ ಗೊತ್ತು. ಹಾಸನದ ರಿಪೇರಿ ಅಣ್ಣ ಬರ್ಲಿ.

ಬೋರ್ಡ್‌ರಿಪೇರಿ_ಹಾಸನ · 9:50

ಅಂಗಡಿ ಬಾಗಿಲು ತೆಗೆದು ಕೂತೆ ಈಗ. ಸರ್, ಮೂರು ವಿಷಯ ಬೇಕು. ಕೆಂಪು ಗುರುತು ಬಂದಾಗ ಅದರ ಕೆಳಗೆ ಇಂಗ್ಲಿಷಲ್ಲಿ ಏನು ಬರೆದಿದೆ? ಅರ್ಥ ಹೇಳಬೇಡಿ, ಅಲ್ಲಿರೋದನ್ನ ಅಕ್ಷರ ಬಿಡದೆ ಬರೀರಿ, ಇಲ್ಲ ಮೊಬೈಲಲ್ಲಿ ಫೋಟೋ ತೆಗೆದು ಹಾಕಿ. ಆನ್ ಮಾಡಿದ ತಕ್ಷಣ, ವಿಂಡೋಸ್ ಬರೋಕೆ ಮುಂಚೆ ಕಪ್ಪು ಪರದೆ ಮೇಲೆ ಏನಾದ್ರೂ ಕೇಳುತ್ತಾ? ಕೆಳಗೆ ಬಲಗಡೆ ಗಡಿಯಾರ ಯಾವ ತಾರೀಖು ತೋರಿಸ್ತಿದೆ? ಟೈಮ್ ಅಲ್ಲ, ತಾರೀಖು, ಇಸವಿ ಸಮೇತ.

ಇಷ್ಟು ಗೊತ್ತಾಗೋವರೆಗೆ ಫಾರ್ಮ್ಯಾಟ್ ಮಾತು ಎತ್ತಬೇಡಿ. ಯಾರಿಗೂ ಕಂಪ್ಯೂಟರ್ ಕೊಡಲೂಬೇಡಿ.

ಡೇರಿಲೆಕ್ಕ_ಆಲೂರು · 11:35

ಬೆಳಗಿನ ಹಾಲು ಮುಗಿಸಿ ಬಂದೆ. ಫೋಟೋ ಹಾಕಿದ್ದೀನಿ. "ಯುವರ್ ಕ್ಲಾಕ್ ಈಸ್ ಬಿಹೈಂಡ್" ಅಂತಿದೆ. ಆನ್ ಮಾಡಿದಾಗ ಕಪ್ಪು ಪರದೆ ಮೇಲೆ ಏನೋ ಎರಡು ಸಾಲು ಬಂದು "ಪ್ರೆಸ್ ಎಫ್1" ಅಂತ ಕೇಳುತ್ತೆ. ನಮ್ಮ ಹುಡುಗ ಅದನ್ನ ಒತ್ತಿ ಒಳಗೆ ಹೋಗ್ತಾನೆ. ಬೇಸಿಗೆಯಿಂದಲೂ ಆಗಾಗ ಹಾಗೇ ಕೇಳ್ತಿತ್ತಂತೆ.

ತಾರೀಖು 2015 ಜನವರಿ 1!

ನಿರ್ವಾಹಕ · 11:42

ಕಾರ್ಯದರ್ಶಿಗಳೇ, ಫೋಟೋದಲ್ಲಿ ಹಿಂದಿನ ಕಿಟಕಿಯಲ್ಲಿ ಸದಸ್ಯರ ಪಟ್ಟಿ ತೆರೆದಿತ್ತು. ಹೆಸರು, ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಎಲ್ಲಾ ಓದೋ ಹಾಗಿತ್ತು. ಆ ಫೋಟೋ ತೆಗೆದು, ಎರರ್ ಭಾಗ ಮಾತ್ರ ಕತ್ತರಿಸಿ ಹಾಕಿದ್ದೀನಿ. ಎಲ್ಲರಿಗೂ ಹೇಳೋದು ಇದೇ: ಫೋಟೋ ತೆಗೆಯೋ ಮುಂಚೆ ಬೇರೆ ಫೈಲ್‌ಗಳನ್ನ ಮುಚ್ಚಿ.

ಬೋರ್ಡ್‌ರಿಪೇರಿ_ಹಾಸನ · 1:15

ವೈರಸ್ಸೂ ಇಲ್ಲ ಏನೂ ಇಲ್ಲ ಸರ್. ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತಿದೆ.

ಕಂಪ್ಯೂಟರ್ ಪೂರ್ತಿ ಆಫ್ ಆಗಿದ್ದಾಗಲೂ ತಾರೀಖು, ಟೈಮ್ ಲೆಕ್ಕ ಇಟ್ಕೊಳ್ಳೋದು ಆ ಸೆಲ್ ಬಲದಿಂದ. ಪ್ಲಗ್‌ನಲ್ಲಿ ಕರೆಂಟ್ ಇದ್ರೆ ಸೆಲ್ ಮೇಲೆ ಹೊರೆ ಬೀಳಲ್ಲ. ನಮ್ಮ ಕಡೆ ಆಫೀಸುಗಳಲ್ಲಿ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತೀವಿ. ಸಿಡಿಲಿನ ಭಯಕ್ಕೆ ಅದು ಸರಿಯೇ, ಆದ್ರೆ ಅಷ್ಟು ಹೊತ್ತೂ ಸೆಲ್ ಖರ್ಚಾಗ್ತಿರುತ್ತೆ. ನಿಮ್ಮಲ್ಲಿ ಎರಡು ದಿನ ಕರೆಂಟ್ ಇಲ್ದೆ ಪೂರ್ತಿ ಕೈಕೊಟ್ಟಿದೆ. ಈಗ ಪ್ರತಿ ಸಲ ಆನ್ ಮಾಡಿದಾಗಲೂ ಬೋರ್ಡು ತನ್ನ ಫ್ಯಾಕ್ಟರಿ ತಾರೀಖಿಗೆ ಹೋಗಿ ನಿಲ್ತಿದೆ.

ಅದಕ್ಕೂ ಇಂಟರ್ನೆಟ್ಟಿಗೂ ಏನು ಸಂಬಂಧ ಅಂದ್ರೆ, ಬೀಗದ ಗುರುತು ಇರೋ ಪ್ರತಿ ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತೆ. ಡ್ರೈವಿಂಗ್ ಲೈಸೆನ್ಸ್ ಥರ ಅದಕ್ಕೂ ಈ ತಾರೀಖಿಂದ ಈ ತಾರೀಖಿನವರೆಗೆ ಅಂತ ಅವಧಿ ಇದೆ. ನಿಮ್ಮ ಕಂಪ್ಯೂಟರ್ ಪ್ರಕಾರ ಇವತ್ತು 2015. ಬ್ಯಾಂಕಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಬ್ರೌಸರ್ ನಂಬಲ್ಲ, ತಡೆಯುತ್ತೆ. ಅದು ಸರಿಯಾಗೇ ಕೆಲಸ ಮಾಡ್ತಿದೆ. ಇಂಟರ್ನೆಟ್ ಇದ್ದ ಮೇಲೆ ವಿಂಡೋಸ್ ತಾನೇ ಟೈಮ್ ಸರಿ ಮಾಡ್ಕೋಬೇಕಲ್ವಾ ಅಂತ ಕೇಳ್ತೀರಿ. ಮಾಡ್ಕೊಳ್ಳುತ್ತೆ, ಆದ್ರೆ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ರೆ ಸಾಮಾನ್ಯವಾಗಿ ಮುಟ್ಟೋಕೆ ಹೋಗಲ್ಲ. ನಿಮ್ಮದು ಹತ್ತು ವರ್ಷದ ಮೇಲೆ.

ಸದ್ಯಕ್ಕೆ: ಗಡಿಯಾರದ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿ, ತಾರೀಖು ಬದಲಾಯಿಸೋ ಆಯ್ಕೆಗೆ ಹೋಗಿ, ಇವತ್ತಿನ ತಾರೀಖು ಹಾಕಿ, ಬ್ರೌಸರ್ ಮುಚ್ಚಿ ತೆಗೀರಿ. ಸೈಟ್ ಬರುತ್ತೆ. ಕೆಲಸ ಮುಗಿಸ್ಕೊಳ್ಳಿ. ಆದ್ರೆ ಮೇನ್ ಆಫ್ ಮಾಡಿದ್ರೆ ನಾಳೆ ಮತ್ತೆ ಅದೇ ಕಥೆ.

ಶಾಶ್ವತಕ್ಕೆ: ಸೆಲ್ ಹೆಸರು ಸಿಆರ್2032. ವಾಚ್ ಅಂಗಡಿಯಲ್ಲಿ ಸಿಗುತ್ತೆ, ಐವತ್ತು ರೂಪಾಯಿ ಒಳಗೆ. 2025 ಅಂತ ಬರೆದಿರೋದು ಕೊಟ್ರೆ ಬೇಡ ಅನ್ನಿ, ಅದು ತೆಳ್ಳಗಿರುತ್ತೆ, ಹಿಡಿತ ಸಿಗಲ್ಲ.

ಡೇರಿಲೆಕ್ಕ_ಆಲೂರು · 1:40

ಬಂತು ಸರ್!! ತಾರೀಖು ಹಾಕಿದ ತಕ್ಷಣ ಬಂತು. ಪುಣ್ಯಾತ್ಮರು ನೀವು.

ಆ ಅಂಗಡಿಯವರು 800 ಕೇಳಿದ್ರಲ್ಲ, ಏನನ್ನಬೇಕು ಇವರಿಗೆ.

ಪೆಂಗ್ವಿನ್_ಚಿಕ್ಕಮಗಳೂರು · 1:44

ಮೋಸ ಅನ್ನಬೇಕು. ನೋಡದೇ ವೈರಸ್ ಅಂದ್ರೆ ಇನ್ನೇನು?

ಬೋರ್ಡ್‌ರಿಪೇರಿ_ಹಾಸನ · 2:30

ತಮ್ಮಾ, ಮೋಸ ಅನ್ನೋ ಮುಂಚೆ ನಮ್ಮ ಅಂಗಡಿ ಕಡೆಗೊಂದು ದಿನ ಬಂದು ಕೂರು.

ಒಬ್ಬರು ಸಿಪಿಯು ಹೊತ್ಕೊಂಡು ಬರ್ತಾರೆ. ನಾನು ಅರ್ಧ ಗಂಟೆ ನೋಡ್ತೀನಿ. ರ‍್ಯಾಮ್ ತೆಗೆದು ಉಜ್ಜಿ ಹಾಕ್ತೀನಿ, ಸರಿ ಹೋಗುತ್ತೆ. ಎಷ್ಟಾಯ್ತು ಅಂತಾರೆ. 150 ಅಂದ್ರೆ "ಏನ್ರೀ ಬಿಚ್ಚಿ ಒರೆಸಿದ್ದಕ್ಕೆ ನೂರೈವತ್ತಾ" ಅಂತ ಜಗಳ. ಅದೇ ಮನುಷ್ಯನಿಗೆ "ಫಾರ್ಮ್ಯಾಟ್ ಆಯ್ತು, 600" ಅಂದ್ರೆ ಒಂದು ಮಾತಾಡದೆ ಕೊಟ್ಟು ಹೋಗ್ತಾರೆ. ಯಾಕೆ? ಫಾರ್ಮ್ಯಾಟ್ ಅಂದ್ರೆ ಏನೋ ದೊಡ್ಡ ಕೆಲಸ ಆಯ್ತು ಅಂತ ಕಾಣುತ್ತೆ. ಏನು ಕೆಟ್ಟಿದೆ ಅಂತ ಕಂಡುಹಿಡಿಯೋದು ಕೆಲಸವೇ ಅಲ್ಲ ಅಂತ ಜನ ಅಂದ್ಕೊಂಡಿದ್ದಾರೆ. ಅಂಗಡಿ ಬಾಡಿಗೆ ಕಟ್ಟೋನಿಗೆ ಯಾವುದು ಗಿಟ್ಟುತ್ತೋ ಅದನ್ನೇ ಮಾರ್ತಾನೆ. ಫಾರ್ಮ್ಯಾಟಿಗೆ ಇಷ್ಟೇ ಹೊತ್ತು ಅಂತ ಗೊತ್ತು, ಹಾಕಿಟ್ಟು ಬೇರೆ ಕೆಲಸ ನೋಡಬಹುದು. ಹುಡುಕಾಟಕ್ಕೆ ಹತ್ತು ನಿಮಿಷವೂ ಆಗಬಹುದು, ಎರಡು ದಿನವೂ ಆಗಬಹುದು.

ಫೋನಲ್ಲೇ ವೈರಸ್ ಅಂದಿದ್ದು ತಪ್ಪು, ಒಪ್ತೀನಿ. ಡೇಟಾ ಉಳಿಯಲ್ಲ ಅಂದಿದ್ದು ಇನ್ನೂ ತಪ್ಪು. ಹಾರ್ಡ್ ಡಿಸ್ಕ್ ಚೆನ್ನಾಗಿದ್ರೆ ಡೇಟಾ ತೆಗೆದಿಟ್ಟು ಫಾರ್ಮ್ಯಾಟ್ ಮಾಡೋದು ಯಾವ ಅಂಗಡಿಗೂ ಕಷ್ಟ ಅಲ್ಲ. ಆದ್ರೆ ಕಳ್ಳ ಅಂತ ಕರೀಬೇಡಿ.

ಪ್ರಿಂಟೌಟ್‌ಅಕ್ಕ_ಅರಸೀಕೆರೆ · 3:05

ರಿಪೇರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ಆಧಾರ್ ಪಿಡಿಎಫ್ ತೆರೆಯೋಕೆ ಪಾಸ್‌ವರ್ಡ್ ಗೊತ್ತಿಲ್ಲ ಅಂತ ಬರೋರು ಎಷ್ಟು ಜನ! ಆಧಾರ್‌ನಲ್ಲಿ ಇರೋ ಹಾಗೆ ಹೆಸರಿನ ಮೊದಲ 4 ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಪಕ್ಕದಲ್ಲೇ ಹುಟ್ಟಿದ ಇಸವಿ. ಅಷ್ಟೇ. ಬಾಯಿ ನೋಯುವಷ್ಟು ಸಲ ಹೇಳಿದ್ದೀನಿ, ಅದಕ್ಕೆ ಯಾರೂ ಒಂದು ಕಾಸು ಕೊಟ್ಟಿಲ್ಲ. ಪ್ರಿಂಟ್ ತಗೊಂಡ್ರೆ ಮಾತ್ರ ಹತ್ತು ರೂಪಾಯಿ. ಹಾಗಾಗಿ ನಾನು ಪಾಸ್‌ವರ್ಡ್ ಹೇಳೋ ಮುಂಚೆ ಪ್ರಿಂಟ್ ಒತ್ತೋದು ಕಲಿತೆ.

ಏಲಕ್ಕಿಮಲೆ_ಮೂಡಿಗೆರೆ · 3:20

ಅಕ್ಕಾ, ನೀವು ಬದುಕ್ತೀರಿ.

ನಿವೃತ್ತಮೇಷ್ಟ್ರು_ಬೇಲೂರು · 4:10

ಈ ಚರ್ಚೆ ಓದಿ ಸಂತೋಷವಾಯಿತು. ಒಂದು ಸೇರಿಸುತ್ತೇನೆ. ಕಾರ್ಯದರ್ಶಿಗಳು ಮೊದಲು "ಕೆಂಪು ಗುರುತು ಬರುತ್ತೆ" ಎಂದಷ್ಟೇ ಬರೆದಿದ್ದರು. ಆಗ ಬಂದ ಉತ್ತರಗಳು ರೂಟರ್, ಲಿನಕ್ಸ್. ಪರದೆಯ ಮೇಲಿದ್ದ ಒಂದು ಸಾಲನ್ನು ಇದ್ದಂತೆ ಬರೆದ ಮೇಲೆ ಉತ್ತರ ಬರಲು ಎರಡು ತಾಸೂ ಹಿಡಿಯಲಿಲ್ಲ. ಇಂಗ್ಲಿಷ್ ಕಂಡ ಕೂಡಲೇ ನಮ್ಮವರು ಓದದೆ ಸರಿ ಒತ್ತಿಬಿಡುತ್ತಾರೆ. ಅರ್ಥವಾಗದಿದ್ದರೂ ಚಿಂತೆಯಿಲ್ಲ, ನಕಲು ಮಾಡಿಕೊಂಡರೆ ಸಾಕು.

ಕಾರ್ಯದರ್ಶಿಗಳೇ, ಸೆಲ್ ಬದಲಾಯಿಸುವ ಮುಂಚೆ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಹತ್ತು ವರ್ಷದ ನಡಾವಳಿ ಒಂದೇ ಡಿಸ್ಕಿನಲ್ಲಿದೆ ಎಂದು ಓದಿ ನನಗೆ ಗಾಬರಿಯಾಯಿತು.

ಬೋರ್ಡ್‌ರಿಪೇರಿ_ಹಾಸನ · ರಾತ್ರಿ 8:40

ಮೇಷ್ಟ್ರು ಹೇಳಿದ ಹಾಗೆ ಮೊದಲು ಕಾಪಿ. ಆಮೇಲೆ ಸೆಲ್. ಹೀಗೆ ಮಾಡಿ:

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಇಲ್ಲಾ ಎಫ್2 ಒತ್ತುತ್ತಾ ಇದ್ರೆ ಬಯೋಸ್, ಅಂದ್ರೆ ಬೋರ್ಡಿನ ಸೆಟ್ಟಿಂಗ್ ಪುಟ, ತೆರೆಯುತ್ತೆ. ಅಲ್ಲಿ ಸಾಟಾ ಮೋಡ್ ಅಂತ ಒಂದು ಸಾಲು ಇರುತ್ತೆ, ಅದರ ಮುಂದೆ ಎಎಚ್‌ಸಿಐ, ಐಡಿಇ ಅಂತ ಏನೋ ಒಂದು. ಅದರ ಫೋಟೋ ತೆಗೆದಿಟ್ಕೊಳ್ಳಿ. ಸೆಲ್ ತೆಗೆದಾಗ ಈ ಸೆಟ್ಟಿಂಗ್ ಬದಲಾದ್ರೆ ವಿಂಡೋಸ್ ಬರದೆ ನೀಲಿ ಪರದೆ ಬರುತ್ತೆ, ಆಗ ನಿಜವಾಗ್ಲೂ ಯಾರಾದ್ರೂ ಫಾರ್ಮ್ಯಾಟ್ ಹೊಡೆದುಬಿಡ್ತಾರೆ! ನಿಮ್ಮ ಸೆಲ್ ಸತ್ತಿದ್ರೂ ವಿಂಡೋಸ್ ಬರ್ತಿದೆ ಅಂದ್ರೆ ಬಹುತೇಕ ತೊಂದರೆ ಆಗಲ್ಲ, ಆದ್ರೂ ಫೋಟೋ ಇರಲಿ.

ಆಫ್ ಮಾಡಿ, ವೈರ್ ಪೂರ್ತಿ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತೆ. ಪಕ್ಕದ ತಗಡು ಬಿಚ್ಚಿ. ಒಳಗೆ ಕೈ ಹಾಕೋ ಮುಂಚೆ ಕ್ಯಾಬಿನೆಟ್ಟಿನ ಬರೀ ಲೋಹದ ಭಾಗ ಮುಟ್ಟಿ. ಒಂದು ರೂಪಾಯಿ ನಾಣ್ಯದಷ್ಟು ಬೆಳ್ಳಿ ಬಿಲ್ಲೆ ಕಾಣುತ್ತೆ. ಅದರ ಅಂಚಲ್ಲಿ ಸಣ್ಣ ಕೊಂಡಿ, ಅದನ್ನ ಉಗುರಲ್ಲಿ ಹೊರಗಡೆಗೆ ತಳ್ಳಿದ್ರೆ ಸೆಲ್ ತಾನಾಗಿ ಮೇಲೆ ಹಾರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಕೊಂಡಿ ಮುರಿದ್ರೆ ಬೋರ್ಡೇ ಹೋದ ಹಾಗೆ. ಹೊಸದನ್ನ ಪ್ಲಸ್ ಗುರುತು ಮೇಲೆ ಬರೋ ಹಾಗೆ ಇಟ್ಟು ಒತ್ತಿ, ಟಕ್ ಅನ್ನುತ್ತೆ. ಮತ್ತೆ ಬಯೋಸ್‌ಗೆ ಹೋಗಿ ತಾರೀಖು ಹಾಕಿ ಸೇವ್ ಮಾಡಿ.

ಇನ್ನೊಂದು. ಈ ದಿನಗಳಲ್ಲಿ ನೀವು ಸೇವ್ ಮಾಡಿದ ಫೈಲುಗಳ ಮೇಲೆಲ್ಲಾ 2015 ಅಂತ ಬಿದ್ದಿರುತ್ತೆ. ಎಕ್ಸೆಲ್‌ನಲ್ಲಿ ಇವತ್ತಿನ ತಾರೀಖು ತಾನೇ ಬರೋ ಹಾಗೆ ಸೂತ್ರ ಹಾಕಿದ್ರೆ, ಆ ವೋಚರುಗಳಲ್ಲೂ. ಆಡಿಟ್‌ಗೆ ಮುಂಚೆ ನೋಡ್ಕೊಳ್ಳಿ.

ಡೇರಿಲೆಕ್ಕ_ಆಲೂರು · ಮಂಗಳವಾರ ಬೆಳಗ್ಗೆ 10:20

ಅಯ್ಯೋ, ಈಗ ಇನ್ನೊಂದು ತಲೆನೋವು. ನಿನ್ನೆ ರಾತ್ರಿ ಎಲ್ಲಾ ಪೆನ್‌ಡ್ರೈವಿಗೆ ಕಾಪಿ ಮಾಡಿ, ಸರಿಯಾಗಿ ಬಂದಿದೆಯಾ ಅಂತ ಮನೆ ಲ್ಯಾಪ್‌ಟಾಪಲ್ಲಿ ತೆಗೆದೆ. ನಡಾವಳಿ ಎಲ್ಲಾ ಹಾಳಾಗಿದೆ! ಒಂದಕ್ಷರ ಕನ್ನಡ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅದರ ಮೇಲೆ ಗೀಟು, ಪೌಂಡ್ ಗುರುತು. ಇದಾದ್ರೂ ವೈರಸ್ಸಾ?

ಪ್ರಿಂಟೌಟ್‌ಅಕ್ಕ_ಅರಸೀಕೆರೆ · 10:32

ಗಾಬರಿ ಬೇಡ ಸರ್. ಏನೂ ಹಾಳಾಗಿಲ್ಲ. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು ಅಲ್ವಾ? ಮನೆ ಲ್ಯಾಪ್‌ಟಾಪಲ್ಲಿ ನುಡಿ ಫಾಂಟ್ ಇಲ್ಲ, ಅಷ್ಟೇ.

ನಾನು ದಿನಾ ನೋಡೋ ಕೇಸು ಇದು. "ಕನ್ನಡ" ಅಂತ ಬರೆದಿದ್ರೆ ಫಾಂಟ್ ಇಲ್ಲದ ಕಡೆ ಹೀಗೆ ಕಾಣುತ್ತೆ: ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಬಿ ಥರದ ಒಂದು ವಿಚಿತ್ರ ಅಕ್ಷರ, ಸಣ್ಣ ಕ್ಯೂ, ಮತ್ತೆ ಅದೇ ಎ. ನನಗೀಗ ಫಾಂಟ್ ಇಲ್ಲದೇನೂ ಅರ್ಧ ಓದೋಕೆ ಬರುತ್ತೆ, ಸುಳ್ಳಲ್ಲ.

ಹಳೇ ನುಡಿ ಫಾಂಟುಗಳಲ್ಲಿ ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ. ಪಿ ಅನ್ನೋ ಜಾಗದಲ್ಲಿ ಕ ಕಾಣೋ ಹಾಗೆ ಚಿತ್ರ ಬರೆದಿಟ್ಟಿದ್ದಾರೆ. ಫಾಂಟ್ ಹೋದ್ರೆ ಚಿತ್ರ ಹೋಯ್ತು, ಪಿ ಉಳೀತು. ಯೂನಿಕೋಡ್ ಹಾಗಲ್ಲ, ಅದರಲ್ಲಿ ಕ ಅನ್ನೋದಕ್ಕೇ ಸ್ವಂತ ಸಂಖ್ಯೆ ಇದೆ. ಅದಕ್ಕೇ ಮೊಬೈಲಿಂದ ಮೊಬೈಲಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಕನ್ನಡ ಎಲ್ಲಿ ಹೋದ್ರೂ ಕನ್ನಡವೇ.

ಮನೆಯಲ್ಲಿ ಓದೋಕಷ್ಟೇ ಬೇಕಾದ್ರೆ ಡೇರಿ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟ್ ಫೈಲ್ ತಂದು ಲ್ಯಾಪ್‌ಟಾಪಲ್ಲಿ ಇನ್‌ಸ್ಟಾಲ್ ಮಾಡಿ. ಮಹಾಸಭೆ ನೋಟಿಸ್ ವಾಟ್ಸಾಪ್ ಗುಂಪಿಗೆ ಹಾಕ್ಬೇಕು, ಹೆಸರು ಹುಡುಕ್ಬೇಕು, ಅಕಾರಾದಿ ಮಾಡ್ಬೇಕು ಅಂದ್ರೆ ಯೂನಿಕೋಡಿಗೆ ತಿರುಗಿಸಲೇಬೇಕು.

ನಿವೃತ್ತಮೇಷ್ಟ್ರು_ಬೇಲೂರು · 11:15

ನುಡಿಯನ್ನು ಬೈಯಬೇಡಿ ಎಂದು ಕೇಳಿಕೊಳ್ಳುತ್ತೇನೆ! ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಮೂಡದಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ, ಇವೆರಡೇ ನಮಗೆ ಆಸರೆ. ಬರಹ ಬಂದದ್ದು 1998ರಲ್ಲಿ. ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಶಿಫ್ಟ್ ಒತ್ತಿದರೆ ಮಹಾಪ್ರಾಣ, ಎಫ್ ಒತ್ತಿದರೆ ಅರ್ಧಾಕ್ಷರ, ನನ್ನ ಬೆರಳುಗಳಿಗೆ ಈಗಲೂ ಬೇರೇನೂ ಒಗ್ಗುವುದಿಲ್ಲ. ನುಡಿಯಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡರೂ ಕೀಲಿಗಳು ಅವೇ ಇರುತ್ತವೆ. ಆದ್ದರಿಂದ ಹೊಸದಾಗಿ ಕಲಿಯುವುದೇನೂ ಇಲ್ಲ.

ಪೆಂಗ್ವಿನ್_ಚಿಕ್ಕಮಗಳೂರು · 11:20

ಲಿನಕ್ಸ್‌ನಲ್ಲೂ ಕೆಜಿಪಿ ಅಂತ ಅದೇ ಕೀಲಿಮಣೆ ಇದೆ ಮೇಷ್ಟ್ರೇ. ಸುಮ್ನೆ ಹೇಳ್ದೆ.

ಏಲಕ್ಕಿಮಲೆ_ಮೂಡಿಗೆರೆ · 11:21

ಸುಮ್ನೆ ಅಂತೆ.

ಪ್ರಿಂಟೌಟ್‌ಅಕ್ಕ_ಅರಸೀಕೆರೆ · 12:40

ತಿರುಗಿಸೋಕೆ ನುಡಿ ಜೊತೆಗೇ ಪರಿವರ್ತಕ ಬರುತ್ತೆ, ಬರಹದಲ್ಲೂ ಇದೆ. ಇಂಟರ್ನೆಟ್ಟಲ್ಲಿ ಉಚಿತ ಪುಟಗಳೂ ಇವೆ, ಆದ್ರೆ ಸದಸ್ಯರ ಪಟ್ಟಿಯನ್ನ ಯಾವುದೋ ಸೈಟಿಗೆ ಅಂಟಿಸಬೇಡಿ. ನೋಟಿಸ್ ಆದ್ರೆ ಪರವಾಗಿಲ್ಲ.

ಎಕ್ಸೆಲ್ ಹಾಳೆ ಪೂರ್ತಿ ಒಟ್ಟಿಗೆ ಕೊಡಬೇಡಿ. ಹೆಸರಿನ ಕಾಲಂ, ಊರಿನ ಕಾಲಂ ಮಾತ್ರ ಕೊಡಿ. ಯಾಕೆ ಗೊತ್ತಾ? ಐಎಫ್‌ಎಸ್‌ಸಿ ಕೋಡ್ ಇಂಗ್ಲಿಷಲ್ಲಿರುತ್ತೆ, ಪರಿವರ್ತಕಕ್ಕೆ ಅದು ಇಂಗ್ಲಿಷೋ ನುಡಿಯೋ ಗೊತ್ತಾಗಲ್ಲ. ಅದನ್ನೂ ಕನ್ನಡ ಮಾಡಿ ಎಂಥದೋ ಅವತಾರ ಕೊಡುತ್ತೆ. ಆಮೇಲೆ ಬ್ಯಾಂಕಿನವರು ವಾಪಸ್ ಕಳಿಸ್ತಾರೆ.

ಮುಗಿದ ಮೇಲೆ ಅರ್ಕಾವೊತ್ತು ಇರೋ ಹೆಸರುಗಳನ್ನ ಒಂದೊಂದಾಗಿ ನೋಡಿ. ಧರ್ಮ, ಪಾರ್ವತಿ, ವರ್ಧಮಾನ ಇಂಥವು. ನುಡಿ ಫೈಲಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ಕೂತಿರುತ್ತೆ, ಯೂನಿಕೋಡಲ್ಲಿ ರ್ ಮೊದಲು ಬರಬೇಕು. ಜಾಗ ಬದಲಾಯಿಸುವಾಗ ಕೆಲವು ಪರಿವರ್ತಕ ಎಡವುತ್ತವೆ. ನಮ್ಮ ಕಡೆ ಹೆಸರುಗಳಲ್ಲಿ ಇದು ಜಾಸ್ತಿ.

ಡೇರಿಲೆಕ್ಕ_ಆಲೂರು · 5:50

ಅಕ್ಕಾ, ಹೇಳಿದ ಹಾಗೇ ಮಾಡಿದೆ, ಹೆಸರು ಬಂತು. ಹೊಸ ಹಾಳೆಗೆ ಉಳಿದದ್ದನ್ನ ಸೇರಿಸುವಾಗ ಆಧಾರ್ ನಂಬರ್ ಇರೋ ಕಡೆಯೆಲ್ಲಾ 4.56 ಇ ಪ್ಲಸ್ 11 ಅಂತ ಬರ್ತಿದೆ. ಕೆಲವರ ಬ್ಯಾಂಕ್ ಖಾತೆ ಕೊನೇ ಅಂಕೆ ಸೊನ್ನೆ ಆಗಿದೆ. ಹಾಲಿನ ಪ್ರೋತ್ಸಾಹಧನ ನೇರ ಖಾತೆಗೆ ಬರೋದು, ಅಂಕೆ ತಪ್ಪಿದ್ರೆ ರೈತರು ನನ್ನ ಬಿಡ್ತಾರಾ?

ಪೆಂಗ್ವಿನ್_ಚಿಕ್ಕಮಗಳೂರು · 6:05

ಸರ್, ಈಗಲೇ ನಿಲ್ಲಿಸಿ. ಆ ಹೊಸ ಹಾಳೆ ಸೇವ್ ಮಾಡಬೇಡಿ. ಹಳೇ ಫೈಲಿನ ಕಾಪಿ ಪೆನ್‌ಡ್ರೈವಲ್ಲಿ ಇದೆ ತಾನೇ? ಹಾಗಾದ್ರೆ ಭಯ ಇಲ್ಲ.

ಎರಡು ಬೇರೆ ಬೇರೆ ಸಮಸ್ಯೆ ಇದು. ಎಕ್ಸೆಲ್ ಅಂಕೆ ಕಂಡ್ರೆ ಅದನ್ನ ಲೆಕ್ಕ ಮಾಡೋ ಸಂಖ್ಯೆ ಅಂದ್ಕೊಳ್ಳುತ್ತೆ. 11 ಅಂಕೆಗಿಂತ ಉದ್ದ ಆದ್ರೆ ಚಿಕ್ಕದಾಗಿ ತೋರಿಸುತ್ತೆ, ಆಧಾರ್ 12 ಅಂಕೆ, ಅದಕ್ಕೇ ಹಾಗೆ. ಇದು ಬರೀ ತೋರಿಕೆ, ಒಳಗೆ ನಂಬರ್ ಸರಿಯಾಗಿದೆ. ಎಕ್ಸೆಲ್‌ನ ಫಾರ್ಮ್ಯಾಟ್ ಸೆಲ್ಸ್ ಆಯ್ಕೆಯಲ್ಲಿ ನಂಬರ್ ಆರಿಸಿ ದಶಮಾಂಶ ಸೊನ್ನೆ ಮಾಡಿದ್ರೆ ಪೂರ್ತಿ ಕಾಣುತ್ತೆ.

ಖಾತೆ ನಂಬರಿಂದು ತೋರಿಕೆ ಅಲ್ಲ, ನಿಜವಾದ ನಷ್ಟ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕೆ ಮಾತ್ರ ನೆನಪಿಟ್ಕೊಳ್ಳುತ್ತೆ. 16ನೇದು ಸೊನ್ನೆ. ಒಮ್ಮೆ ಹೋದ್ರೆ ಆ ಹಾಳೆಯಿಂದ ವಾಪಸ್ ಬರಲ್ಲ. ಶುರುವಲ್ಲಿರೋ ಸೊನ್ನೆಗಳೂ ಹೀಗೇ ಮಾಯ. ಹಾಗಾಗಿ ಹೊಸ ಹಾಳೆಯಲ್ಲಿ ಖಾತೆ, ಆಧಾರ್, ಫೋನ್ ಕಾಲಂಗಳನ್ನ ಮೊದಲೇ ಟೆಕ್ಸ್ಟ್ ಅಂತ ಮಾಡಿ, ಆಮೇಲೆ ತುಂಬಿ. ತುಂಬಿದ ಮೇಲೆ ಟೆಕ್ಸ್ಟ್ ಮಾಡಿದ್ರೆ ಪ್ರಯೋಜನ ಇಲ್ಲ.

ಬ್ಯಾಂಕಿಂದ ಬರೋ ಸಿಎಸ್‌ವಿ ಫೈಲನ್ನ ಡಬಲ್ ಕ್ಲಿಕ್ ಮಾಡಿ ತೆಗೆದು, ನೋಡಿ, ಸೇವ್ ಒತ್ತಿದ್ರೂ ಇದೇ ಅನಾಹುತ. ಡೇಟಾ ಮೆನುವಿನಿಂದ ಒಳಗೆ ತಗೊಂಡು ಆ ಕಾಲಂಗಳಿಗೆ ಟೆಕ್ಸ್ಟ್ ಅಂತ ಹೇಳಿ.

ಏಲಕ್ಕಿಮಲೆ_ಮೂಡಿಗೆರೆ · 6:30

ಪರವಾಗಿಲ್ವೇ ಹುಡುಗ! ಲಿನಕ್ಸ್ ಅಂತ ಒಂದು ಸಲವೂ ಅನ್ಲಿಲ್ಲ.

ಒಂದು ವಿಷಯ ಹೇಳ್ತೀನಿ, ಕಾರ್ಯದರ್ಶಿಗಳು ಇಲ್ಲಿ ಬಂದು ಕೇಳಿದ್ದು ಒಳ್ಳೇದಾಯ್ತು. ನಮ್ಮ ಪಕ್ಕದ ತೋಟದವರು ಪ್ರಿಂಟರ್ ಕೆಲಸ ಮಾಡ್ತಿಲ್ಲ ಅಂತ ಗೂಗಲ್‌ನಲ್ಲಿ ಸಹಾಯವಾಣಿ ನಂಬರ್ ಹುಡುಕಿದ್ರು. ಮೊದಲು ಸಿಕ್ಕ ನಂಬರಿಗೆ ಫೋನ್ ಹಚ್ಚಿದ್ರು. ಹಿಂದಿಯಲ್ಲಿ ಭಾರೀ ವಿನಯದ ಮಾತು. ನಿಮ್ಮ ಸ್ಕ್ರೀನ್ ನೋಡ್ಬೇಕು, ಈ ಆ್ಯಪ್ ಹಾಕ್ಕೊಳ್ಳಿ, ಒಂಬತ್ತು ಅಂಕೆ ಹೇಳಿ ಅಂದ್ರು. ಆಮೇಲೆ ಬ್ಯಾಂಕಿಗೆ ಲಾಗಿನ್ ಆಗಿ, 10 ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಅಂದ್ರು. ಕಟ್ಟೋದನ್ನ ಅವರು ಆ ಕಡೆ ಕೂತು ನೋಡ್ತಿದ್ರು ಮಾರಾಯ್ರೆ. ಕಾಫಿ ಮಾರಿದ ದುಡ್ಡು ಇತ್ತು ಖಾತೆಯಲ್ಲಿ.

ನಿರ್ವಾಹಕ · 6:48

ಇಂಥದ್ದು ಆದ ಕೂಡಲೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆ ದೂರಿಗೆ ದೇಶಕ್ಕೆಲ್ಲಾ ಅದೇ ನಂಬರ್. ದುಡ್ಡು ಇನ್ನೂ ಆ ಕಡೆ ಖಾತೆಯಲ್ಲಿ ಇದ್ರೆ ತಡೆಹಿಡಿಯೋ ಅವಕಾಶ ಇರುತ್ತೆ, ಅದಕ್ಕೇ ಮನೆಯವರಿಗೆ ಹೇಳೋದಾ ಬೇಡವಾ ಅಂತ ಕೂರಬೇಡಿ. ಇಂಟರ್ನೆಟ್ ತಕ್ಷಣ ಕಿತ್ತು ಹಾಕಿ.

ಪರದೆ ತುಂಬಾ ಎಚ್ಚರಿಕೆ ಬಂದು, ಸೈರನ್ ಕೂಗಿ, ಈ ನಂಬರಿಗೆ ಫೋನ್ ಮಾಡಿ ಅಂದ್ರೆ ಅದು ಸುಳ್ಳು. ಮೈಕ್ರೋಸಾಫ್ಟ್‌ನ ನಿಜವಾದ ಎರರ್ ಮೆಸೇಜುಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ.

ಬೋರ್ಡ್‌ರಿಪೇರಿ_ಹಾಸನ · ರಾತ್ರಿ 9:10

ದೂರದಿಂದ ಸ್ಕ್ರೀನ್ ನೋಡೋ ಆ್ಯಪ್‌ಗಳೇ ಕೆಟ್ಟವಲ್ಲ. ಬೆಂಗಳೂರಲ್ಲಿರೋ ಮಗನೋ ಅಕ್ಕನ ಮಗನೋ ಅದೇ ಆ್ಯಪ್‌ನಲ್ಲಿ ಸರಿ ಮಾಡಿಕೊಡ್ತಾನೆ. ನೀವೇ ಫೋನ್ ಮಾಡಿ ಕರೆದ ಗುರುತಿನ ಮನುಷ್ಯ ಆಗಿರಬೇಕು, ಬ್ಯಾಂಕ್ ಪುಟ ಮುಚ್ಚಿರಬೇಕು. ಅಷ್ಟೇ.

ಕಾರ್ಯದರ್ಶಿಗಳೇ, ಸೆಲ್ ಏನಾಯ್ತು?

ಡೇರಿಲೆಕ್ಕ_ಆಲೂರು · ಬುಧವಾರ ಮಧ್ಯಾಹ್ನ 12:15

ಹಾಕಿದೆ ಸರ್. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿಯವರ ಹತ್ತಿರ ಸಿಕ್ತು, 40 ರೂಪಾಯಿ. ಟಕ್ ಅಂತು. ರಾತ್ರಿ ಮೇನ್ ಆಫ್ ಮಾಡಿ ಹೋಗಿದ್ದೆ, ಬೆಳಗ್ಗೆ ತಾರೀಖು ಸರಿ ಇದೆ, ಎಫ್1 ಕೇಳ್ಲಿಲ್ಲ. ಪಟ್ಟಿ ಹಳೇ ಕಾಪಿಯಿಂದ ಮತ್ತೆ ಮಾಡಿದೆ. ಅಕ್ಕ ಹೇಳಿದ ಹಾಗೆ ಇಬ್ಬರು ಧರ್ಮೇಗೌಡರ ಹೆಸರು ಕೆಟ್ಟಿತ್ತು, ತಿದ್ದಿದೆ.

ಬಿಚ್ಚುವಾಗ ನೋಡಿದೆ, ಪ್ರೊಸೆಸರ್ ಐ3 ನಾಲ್ಕನೇ ತಲೆಮಾರು ಅಂತ ಕ್ಯಾಬಿನೆಟ್ ಮೇಲೆ ಸ್ಟಿಕ್ಕರ್ ಇದೆ. ವಿಂಡೋಸ್ 10 ಇದೆ. ಅದೂ ಮುಗೀತು, 11 ಹಾಕ್ಸಿ ಅಂತ ಸಂಘದಲ್ಲಿ ಒಬ್ಬರು ಹೇಳ್ತಿದ್ರು.

ಬೋರ್ಡ್‌ರಿಪೇರಿ_ಹಾಸನ · 1:30

11 ಹತ್ತಲ್ಲ ಸರ್. ಇಂಟೆಲ್ ಆದ್ರೆ 8ನೇ ತಲೆಮಾರು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಡ್ತೀವಿ ಅನ್ನೋರು ಇದ್ದಾರೆ, ಲೆಕ್ಕದ ಕಂಪ್ಯೂಟರಿಗೆ ನಾನು ಹಾಕಲ್ಲ. ವಿಂಡೋಸ್ 10ರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆ ಬಳಕೆಯವರು ನೋಂದಾಯಿಸ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತೆ ಅಂತ ಕೊಟ್ಟಿದ್ದಾರೆ, ಸಂಸ್ಥೆಗಳಿಗೆ ಬೇರೆ ದರ.

ಕಂಪ್ಯೂಟರ್ ಎಸೀಬೇಡಿ. ಪಟ್ಟಿ, ನಡಾವಳಿ, ಪ್ರಿಂಟ್ ಅದರಲ್ಲೇ ನಡೀಲಿ. ಬ್ಯಾಂಕ್ ಕೆಲಸ ಮಾತ್ರ ಹೊಸ ಮಷಿನ್ ಬರೋವರೆಗೆ ಮನೆ ಲ್ಯಾಪ್‌ಟಾಪಲ್ಲಿ ಮಾಡಿ, ಅದರಲ್ಲಿ 11 ಇದ್ರೆ. ತುಂಬಾ ನಿಧಾನ ಅನ್ನಿಸಿದ್ರೆ ಹಳೇ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್‌ಗಿಂತ ಮೊದಲು ಅದು. ಹಳೇ ಡಿಸ್ಕನ್ನ ಬೀರುವಿನಲ್ಲಿಡಿ.

ಪೆಂಗ್ವಿನ್_ಚಿಕ್ಕಮಗಳೂರು · 1:33

ಅಥವಾ ಲಿನ…

ಏಲಕ್ಕಿಮಲೆ_ಮೂಡಿಗೆರೆ · 1:34

ಬೇಡ!

ನೋಟಿಸ್ ಪ್ರಿಂಟ್ ಹಾಕುವಾಗ ಒಂದು ನೋಡ್ಕೊಳ್ಳಿ ಕಾರ್ಯದರ್ಶಿಗಳೇ. ಈ ಮಳೆಯಲ್ಲಿ ಪೇಪರ್ ಥಂಡಿ ಹಿಡಿದು ಎರಡೆರಡು ಅಂಟ್ಕೊಂಡು ಒಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ಪ್ರಿಂಟರ್ ಕೆಟ್ಟಿದೆ ಅಂತ ಹೊತ್ಕೊಂಡು ಹೋಗ್ಬೇಡಿ. ಟ್ರೇನಲ್ಲಿ ರಾತ್ರಿಯೆಲ್ಲಾ ಬಿಡಬೇಡಿ, ಬೇಕಾದಷ್ಟು ತೆಗೆದು ಉಳಿದ ಕಟ್ಟು ಅದರ ಕವರಲ್ಲೇ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಡಿ.

ಡೇರಿಲೆಕ್ಕ_ಆಲೂರು · 4:45

ಸರಿ. ರಿಪೇರಿ ಅಣ್ಣ, ನಿಮಗೆ ಎಷ್ಟು ಕೊಡಲಿ? ಸುಮ್ನೆ ಕೇಳ್ತಿಲ್ಲ. ಸಂಘದಿಂದ ವೋಚರ್ ಹಾಕಿ ಕೊಡ್ತೀನಿ.

ಬೋರ್ಡ್‌ರಿಪೇರಿ_ಹಾಸನ · 5:20

ಇಲ್ಲಿ ಹೇಳಿದ್ದಕ್ಕೆ ಬೇಡ. ಎಸ್‌ಎಸ್‌ಡಿ ಹಾಕಿಸೋವಾಗ ನಿಮ್ಮ ಪೇಟೆ ಅಂಗಡಿಗೇ ಹೋಗಿ, ಅಷ್ಟು ದೂರದಿಂದ ಹೊತ್ಕೊಂಡು ನನ್ನ ಹತ್ತಿರ ಬರಬೇಡಿ. ಹೋದಾಗ ಮೊದಲೇ ಹೇಳಿ: "ನೋಡೋಕೆ 150 ಕೊಡ್ತೀನಿ, ಏನಾಗಿದೆ ಅಂತ ಹೇಳಿ, ಆಮೇಲೆ ಏನು ಮಾಡೋದು ಅಂತ ನಾನು ಹೇಳ್ತೀನಿ." ಅವರೂ ನೆಟ್ಟಗೆ ನೋಡ್ತಾರೆ.

ಪ್ರಿಂಟೌಟ್‌ಅಕ್ಕ_ಅರಸೀಕೆರೆ · 5:31

ನಾನೂ ಬೋರ್ಡ್ ಹಾಕ್ತೀನಿ ಇನ್ಮೇಲೆ. ಪಾಸ್‌ವರ್ಡ್ ಹೇಳೋಕೆ 5, ಪ್ರಿಂಟಿಗೆ 10.

ಹೊಸಬ_ಕಡೂರು · ಗುರುವಾರ ಬೆಳಗ್ಗೆ 7:55

ನಮಸ್ಕಾರ, ನಂದೂ ಇದೇ ಪ್ರಾಬ್ಲಂ. ಸೈಟ್ ಓಪನ್ ಆಗ್ತಿಲ್ಲ. ತಾರೀಖು ನೋಡಿದೆ, ಸರಿಯಾಗೇ ಇದೆ. ವಿಂಡೋಸ್ 7. ಸೆಲ್ ತಂದು ಹಾಕ್ಲಾ?

ಬೋರ್ಡ್‌ರಿಪೇರಿ_ಹಾಸನ · 9:45

ತಾರೀಖು ಸರಿ ಇದ್ರೆ ಸೆಲ್ ಯಾಕೆ ಸರ್? ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಗೆ ನಿಂತುಹೋಗಿದೆ, 2023ರಿಂದ ಮುಂದಿನದು ಬಂದಿಲ್ಲ. ಅದೂ ಕಾರಣ ಇರಬಹುದು, ಬೇರೆಯೂ ಇರಬಹುದು. ಬೇರೆ ಪ್ರಶ್ನೆಯಾಗಿ ಹಾಕಿ. ಎರರ್ ಬಂದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ, ಪೂರ್ತಿ ಬರೀರಿ.